ಮಳೆಗಾಲದ ಪೈಪಿಗೆ ಯಾವ ಹೊಗೆಸೊಪ್ಪು: ತೀರ್ಥಹಳ್ಳಿಯ ಜಗಲಿಯಿಂದ ಒಂದು ಹೋಲಿಕೆ

ಹೋದ ವರ್ಷ ಆರಿದ್ರಾ ಮಳೆ ಹಿಡಿಯಲು ಇನ್ನೊಂದು ವಾರವಿದೆ ಎನ್ನುವಾಗ ಬೆಂಗಳೂರಿನ ಅಂಗಡಿಯೊಂದರಿಂದ 250 ಗ್ರಾಂ ಪರಿಮಳದ ಹೊಗೆಸೊಪ್ಪನ್ನು ತರಿಸಿಕೊಂಡೆ. 50 ಗ್ರಾಂನ ಐದು ಡಬ್ಬಿಗಳಿಗಿಂತ ಒಂದು ದೊಡ್ಡ ಡಬ್ಬಿ ಅಗ್ಗ, ಮಳೆಗಾಲ ಮುಗಿಯುವವರೆಗೆ ಮತ್ತೆ ಯಾರ ಕೈಯಲ್ಲೂ ತರಿಸುವ ಉಸಾಬರಿ ಇರುವುದಿಲ್ಲ ಎಂಬುದು ನನ್ನ ಲೆಕ್ಕವಾಗಿತ್ತು. ಮಘೆ ಮಳೆಯ ಹೊತ್ತಿಗೆ ಆ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಭಾಗ ಹಿತ್ತಲಿನ ಕಸದ ಗುಂಡಿ ಸೇರಿತ್ತು. ಅದೇ ಅವಧಿಯಲ್ಲಿ ತಂಗಿಯ ಮಗ ತಂದುಕೊಟ್ಟಿದ್ದ 50 ಗ್ರಾಂ ವರ್ಜೀನಿಯಾ ಫ್ಲೇಕ್ ಎಂಬ, ಪರಿಮಳ ಬೆರೆಸದ ಸೊಪ್ಪು ಮಾತ್ರ ಕೊನೆಯ ಚೂರಿನವರೆಗೂ ಕೈಕೊಡಲಿಲ್ಲ. ಈ ಬರಹ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಓದುಗರಿಂದ ಮುಚ್ಚಿಡಲು ಇನ್ನೇನೂ ಉಳಿದಿಲ್ಲ. ಹಾಗೆ ವಾಲಲು ಕಾರಣವೇನೆಂಬುದನ್ನಷ್ಟೇ ವಿವರಿಸಬೇಕಾಗಿದೆ.

ನಾನು ನಿವೃತ್ತ ಅಧ್ಯಾಪಕ. ವಾರಕ್ಕೆ ಮೂರು ಸಲ, ಸಂಜೆಯ ಕಾಫಿಯಾದ ಮೇಲೆ, ಮನೆಯ ಜಗಲಿಯಲ್ಲಿ ಕುಳಿತು ಒಂದು ಪೈಪು ಸೇದುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಹೊಗೆಯನ್ನು ಎದೆಗೆ ಇಳಿಸದೆ ಬಾಯಲ್ಲಿಯೇ ಸವಿದು ಬಿಡುವುದು ಪೈಪಿನವರ ಕ್ರಮವಾದರೂ, ಬಾಯಿಯ ಕ್ಯಾನ್ಸರಿಗೆ ಆ ಕ್ರಮದಿಂದ ವಿನಾಯಿತಿಯೇನೂ ಇಲ್ಲವೆಂದು ನಮ್ಮ ವೈದ್ಯರು ಪ್ರತಿ ಭೇಟಿಯಲ್ಲೂ ನೆನಪಿಸುತ್ತಾರೆ, ಮತ್ತು ಅವರು ಹೇಳುವುದು ಸರಿ. ಈಗಾಗಲೇ ಪೈಪು ಸೇದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆಯೇ ಹೊರತು ಹೊಸದಾಗಿ ಯಾರೂ ಹಿಡಿಯಲಿ ಎಂದು ಅಲ್ಲ.

ನಾನು ಹೋಲಿಸಿ ನೋಡಿದ್ದು ಮೂರು ಬಗೆಗಳನ್ನು. ಮೊದಲನೆಯದು, ವೆನಿಲ್ಲಾ, ಚೆರ್ರಿ, ವಿಸ್ಕಿ ಮುಂತಾದ ಪರಿಮಳ ಬೆರೆಸಿದ ಕ್ಯಾವೆಂಡಿಷ್, ಎಂದರೆ ಬಿಸಿ ಮತ್ತು ಒತ್ತಡದಿಂದ ಮೆದುಮಾಡಿದ ಸೊಪ್ಪು. ಎರಡನೆಯದು, ಲಟಾಕಿಯಾ ಎಂಬ ಹೊಗೆಯಾಡಿಸಿದ ಎಲೆ ಸೇರಿದ ಇಂಗ್ಲಿಷ್ ಮಿಶ್ರಣ. ಮೂರನೆಯದು, ಬೇರೆ ಯಾವ ಪರಿಮಳದ ಹಂಗೂ ಇಲ್ಲದೆ ಎಲೆಯನ್ನು ಒತ್ತಿ, ಹಲಗೆ ಮಾಡಿ, ತೆಳ್ಳಗೆ ಹೆರೆದ ವರ್ಜೀನಿಯಾ ಫ್ಲೇಕ್.

ಪರಿಮಳದ ಡಬ್ಬಿಯ ಹೆಸರು ಇಲ್ಲಿ ಬೇಡ, ಏಕೆಂದರೆ ದೋಷ ಆ ಒಂದು ಡಬ್ಬಿಯದಲ್ಲ, ಆ ಜಾತಿಯದು. ಅದಕ್ಕಿಂತ ಹೆಚ್ಚಾಗಿ ನಮ್ಮೂರಿನ ಹವೆಯದು. ಮುಚ್ಚಳ ತೆಗೆದಾಗ ಬಂದ ವಾಸನೆಯನ್ನು ಮೆಚ್ಚದವರು ಮನೆಯಲ್ಲಿ ಯಾರೂ ಇರಲಿಲ್ಲ. ಬೇಕರಿಯ ಬಾಗಿಲಲ್ಲಿ ನಿಂತಂತಿತ್ತು. ತುಂಬಿ, ಬೆಂಕಿ ತಾಗಿಸಿದೆ. ಎರಡು ಸಲ ಎಳೆಯುವಷ್ಟರಲ್ಲಿ ಆರಿತು. ಮತ್ತೆ ಕಡ್ಡಿ ಗೀರಿದೆ, ಮತ್ತೆ ಆರಿತು. ಒಂದು ಪೈಪು ಮುಗಿಯುವಷ್ಟರಲ್ಲಿ ಹನ್ನೊಂದು ಕಡ್ಡಿ ಖರ್ಚಾಗಿದ್ದವು. ಅವುಗಳಲ್ಲಿ ನಾಲ್ಕು, ಪೆಟ್ಟಿಗೆಯ ಮಗ್ಗುಲೇ ತೇವಗೊಂಡಿದ್ದರಿಂದ ಹೊತ್ತಿಕೊಳ್ಳದೆ ಮುರಿದವು. ಅರ್ಧ ದಾರಿಗೆ ಪೈಪಿನ ಕೊಳವೆಯೊಳಗೆ ನೀರು ಸೇರಿ ಹುಕ್ಕಾದಂತೆ ಗೊರಗೊರ ಸದ್ದು ಶುರುವಾಯಿತು. ಆರದಿರಲೆಂದು ಜೋರಾಗಿ ಎಳೆದದ್ದರ ಫಲವಾಗಿ, ಹೊಗೆಗಿಂತ ಹೆಚ್ಚಾಗಿ ಬಿಸಿ ಹಬೆ ಬಾಯಿಗೆ ಬಂದು ನಾಲಗೆಯ ತುದಿ ಬೆಂದಂತಾಗಿ, ಮರುದಿನ ಬೆಳಗ್ಗೆ ಉಪ್ಪಿನಕಾಯಿ ಮುಟ್ಟುವಂತಿರಲಿಲ್ಲ. ವೆನಿಲ್ಲಾದ ರುಚಿ ಎಲ್ಲಿ ಹೋಯಿತೋ ತಿಳಿಯದು. ಮೂಗಿಗೆ ಕೊಟ್ಟ ಮಾತನ್ನು ಇಂಥ ಸೊಪ್ಪು ನಾಲಗೆಗೆ ಉಳಿಸಿಕೊಳ್ಳುವುದು ಅಪರೂಪ.

ಒದ್ದೆಯಾಗಿದೆ, ಒಣಗಿಸಿದರೆ ಸರಿಹೋದೀತು ಎಂದುಕೊಂಡೆ. ಸೇದುವ ಹದಕ್ಕೆ ಬಂದ ಸೊಪ್ಪನ್ನು ಬೆರಳಲ್ಲಿ ಹಿಸುಕಿ ಬಿಟ್ಟರೆ ಅದು ನಿಧಾನವಾಗಿ ಬಿಚ್ಚಿಕೊಳ್ಳಬೇಕು. ನನ್ನದು ಎರೆಮಣ್ಣಿನ ಉಂಡೆಯಂತೆ ಹಿಸುಕಿದ ಹಾಗೆಯೇ ಕೂತಿತ್ತು. ಪುನರ್ವಸು ಮಳೆಯ ದಿನಗಳಲ್ಲಿ ಒಂದು ಹಿಡಿಯನ್ನು ಕಾಗದದ ಮೇಲೆ ಹರಡಿ ಜಗಲಿಯಲ್ಲಿಟ್ಟೆ. ಮಲೆನಾಡಿನ ಜುಲೈ ತಿಂಗಳಲ್ಲಿ ಜಗಲಿಯ ಮೇಲೆ ಏನನ್ನಾದರೂ ಒಣಗಿಸಲು ಹೊರಟವನ ಬುದ್ಧಿಯನ್ನು ಅಳೆಯುವ ಕೆಲಸವನ್ನು ಓದುಗರಿಗೇ ಬಿಡುತ್ತೇನೆ. ಹಗ್ಗದ ಮೇಲಿನ ಪಂಚೆ ನಾಲ್ಕು ದಿನಕ್ಕೂ ಒಣಗದ ಊರಿದು. ಸಂಜೆ ಮುಟ್ಟಿ ನೋಡಿದಾಗ ಬೆಳಗ್ಗೆಗಿಂತ ಮೆತ್ತಗಿತ್ತು.

ಇನ್ನುಳಿದದ್ದು ಬಚ್ಚಲೊಲೆ. ಮಳೆಗಾಲದಲ್ಲಿ ಕಂಬಳಿಯಿಂದ ಹಿಡಿದು ಮೊಮ್ಮಗನ ಶಾಲೆಯ ಕಾಲುಚೀಲದವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ಒಣಗುವುದು ಅಲ್ಲಿಯೇ. ಹೊಗೆಸೊಪ್ಪನ್ನು ಮೊರದಲ್ಲಿ ಹರಡಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿಟ್ಟು ರಾತ್ರಿ ಬಿಟ್ಟೆ. ಬೆಳಗ್ಗೆ ಗರಿಗರಿಯಾಗಿತ್ತು. ಸಂತೋಷದಿಂದ ಪೈಪು ತೊಳೆದು ಸಿದ್ಧಮಾಡಿಕೊಂಡು ಬರುವಷ್ಟರಲ್ಲಿ, ಎಂದರೆ ಮುಕ್ಕಾಲು ಗಂಟೆಯೊಳಗೆ, ಅದು ಮತ್ತೆ ಮೆತ್ತಗಾಗಿತ್ತು. ಕಾರಣ ಆಮೇಲೆ ಓದಿ ತಿಳಿದೆ. ಪರಿಮಳದ ಸೊಪ್ಪಿಗೆ ಪರಿಮಳವನ್ನು ಹಿಡಿದಿಡಲು ಮತ್ತು ಡಬ್ಬಿಯಲ್ಲಿ ಒಣಗದಂತೆ ಕಾಯಲು ಸಾಮಾನ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುತ್ತಾರೆ. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ ಇದು ಕುದಿಯುವುದು 188 ಡಿಗ್ರಿಗೆ; ಬಚ್ಚಲೊಲೆಯ ಮೇಲಿನ ಬಿಸಿಗೆ ಇದು ಜಗ್ಗುವುದಿಲ್ಲ. ಅಷ್ಟೇ ಅಲ್ಲದೆ ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ಹಿಡಿದಿಟ್ಟುಕೊಳ್ಳುವುದೇ ಇದರ ಗುಣ. ಒಣ ಹವೆಯ ಊರಿನಲ್ಲಿ, ಎಂದರೆ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ, ಇದೇ ಗುಣ ಸೊಪ್ಪು ಪುಡಿಯಾಗದಂತೆ ಕಾಪಾಡೀತು. ಮಳೆಗಾಲದ ತೀರ್ಥಹಳ್ಳಿಯಲ್ಲಿ ಅದು ಬಾಗಿಲು ತೆಗೆದು ತೇವವನ್ನು ಒಳಗೆ ಕರೆಯುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಅಟ್ಟಣಿಗೆಯಲ್ಲಿ ಮೂರು ರಾತ್ರಿ ಕಳೆದ ಸೊಪ್ಪಿಗೆ ಸೌದೆಯ ಹೊಗೆಯೂ, ಪಕ್ಕದಲ್ಲಿ ತೂಗುಹಾಕಿದ್ದ ಕಂಬಳಿಯ ಘಾಟೂ ಸಮವಾಗಿ ಸೇರಿಕೊಂಡವು. ವೆನಿಲ್ಲಾ, ಹೊಗೆ, ಕುರಿಯುಣ್ಣೆ ಈ ಮೂರೂ ಕೂಡಿದ ಮಿಶ್ರಣವನ್ನು ಜಗತ್ತಿನಲ್ಲಿ ಬೇರೆ ಯಾರೂ ಸೇದಿರಲಾರರು. ಎರಡು ಪೈಪಿನ ನಂತರ ನಾನೂ ಸೇದಲಿಲ್ಲ.

ಲಟಾಕಿಯಾ ಮಿಶ್ರಣದ ವಿಷಯದಲ್ಲಿ ನ್ಯಾಯವಾಗಿ ಮಾತಾಡಬೇಕು, ಏಕೆಂದರೆ ಉರಿಯುವ ವಿಷಯವೊಂದನ್ನೇ ನೋಡಿದರೆ ಅದು ನನ್ನ ಮೆಚ್ಚಿನ ಫ್ಲೇಕಿಗಿಂತಲೂ ಮುಂದಿದೆ. ಸಿರಿಯಾದ ಬಂದರು ಪಟ್ಟಣವೊಂದರ ಹೆಸರು ಹೊತ್ತಿದ್ದರೂ ಈಗ ಡಬ್ಬಿಗಳಲ್ಲಿ ಸಿಗುವ ಲಟಾಕಿಯಾ ಬಹುಮಟ್ಟಿಗೆ ಸೈಪ್ರಸ್ ದ್ವೀಪದ ಕಡೆಯದು. ಎಲೆಯನ್ನು ಬಿಸಿಲಲ್ಲಿ ಬಾಡಿಸಿದ ಮೇಲೆ, ಪರಿಮಳದ ಕಟ್ಟಿಗೆ ಮತ್ತು ಪೊದೆಗಳ ಸಣ್ಣ ಬೆಂಕಿಯ ಹೊಗೆಗೆ ಬಹುಕಾಲ ಒಡ್ಡಿ ಕಪ್ಪಾಗಿಸುತ್ತಾರೆ. ನಾನು ಮೊದಲ ಸಲ ಜಗಲಿಯಲ್ಲಿ ಅದನ್ನು ಹಚ್ಚಿದಾಗ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ತೋಟದ ಹಿರಿಯರೊಬ್ಬರು ಉಣುಗೋಲಿನಾಚೆ ನಿಂತು, "ಮೇಷ್ಟ್ರೇ, ನಿಮ್ಮಲ್ಲೂ ಉಪ್ಪಾಗೆ ಒಣಗಿಸ್ತಿದ್ದೀರಾ?" ಎಂದು ಕೇಳಿದರು. ಇದಕ್ಕಿಂತ ಚೆನ್ನಾಗಿ ಲಟಾಕಿಯಾವನ್ನು ಮಲೆನಾಡಿನವರಿಗೆ ವಿವರಿಸಲು ನನಗೆ ಸಾಧ್ಯವಿಲ್ಲ. ಮಳೆಯ ನಡುವೆ ಹೊಗೆಯ ಬೆಂಕಿಯಲ್ಲಿ ಉಪ್ಪಾಗೆಯ, ಎಂದರೆ ನಮ್ಮ ಕಾಡಿನ ಹುಳಿಹಣ್ಣಿನ, ಸಿಪ್ಪೆ ಒಣಗುವ ಮನೆಯ ವಾಸನೆಯನ್ನು ಬಲ್ಲವರಿಗೆ ಈ ಹೊಗೆಸೊಪ್ಪು ಅಪರಿಚಿತವೆನಿಸುವುದಿಲ್ಲ. ಹೊಗೆ ತಂಪು, ನಾಲಗೆಗೆ ಉರಿಯಿಲ್ಲ, ಎರಡು ಕಡ್ಡಿಗೆ ಕೊನೆಯವರೆಗೂ ಹೋಗುತ್ತದೆ.

ಈ ಬಗೆಯ ಮಿಶ್ರಣಗಳಿಗೆ ಹೆಸರಾದದ್ದು ಲಂಡನ್ನಿನ ಡನ್‌ಹಿಲ್. ಆಲ್ಫ್ರೆಡ್ ಡನ್‌ಹಿಲ್ 1907ರಲ್ಲಿ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದು, ಗಿರಾಕಿಗಳ ರುಚಿಗೆ ತಕ್ಕಂತೆ ಬೆರೆಸಿದ ಮಿಶ್ರಣಗಳಿಗೆ ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಇಟ್ಟುಕೊಂಡಿದ್ದರು. 'ಮೈ ಮಿಕ್ಸ್ಚರ್ 965' ಎಂಬ ಹೆಸರಿನಲ್ಲಿರುವ ಸಂಖ್ಯೆ ಅಂಥದ್ದು. 2018ರಲ್ಲಿ ಆ ಹೆಸರಿನ ಪೈಪ್ ತಂಬಾಕು ನಿಂತು, ಅವೇ ಮಿಶ್ರಣಗಳು ಪೀಟರ್ಸನ್ ಎಂಬ ಪೈಪ್ ಕಂಪನಿಯ ಹೆಸರಿನಲ್ಲಿ ಮರಳಿ ಬಂದವು.

ಆದರೂ ಲಟಾಕಿಯಾ ನನ್ನ ನಿತ್ಯದ ಸೊಪ್ಪಾಗಲಿಲ್ಲ. ಬೇಸಿಗೆಯಲ್ಲಾದರೆ ಅದರ ವಾಸನೆ ಜಗಲಿಯಿಂದ ತೋಟಕ್ಕೆ ಹೋಗುತ್ತದೆ. ಇರಚಲು ಹೊಡೆಯುವ ದಿನಗಳಲ್ಲಿ ಒಳಕ್ಕೆ ಬರುತ್ತದೆ, ಮತ್ತು ಆ ದಿನಗಳಲ್ಲಿ ಒಳಗೆ ನಡುಮನೆಯ ಉದ್ದಕ್ಕೂ ಬಟ್ಟೆ ಹರವಿರುತ್ತದೆ. "ಶ್ರಾವಣದ ಪೂಜೆಗೆ ಉಡೋ ಸೀರೆಗೂ ಇದೇ ವಾಸನೆ ಹತ್ತಿದೆ ನೋಡಿ" ಎಂದು ನಮ್ಮಾಕೆ ಹೇಳಿದ್ದು ಒಂದೇ ಸಲ. ಎರಡನೆಯ ಸಲ ಹೇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ಇನ್ನು ಫ್ಲೇಕ್. ಇಂಗ್ಲೆಂಡಿನ ಉತ್ತರದ ಕೆಂಡಲ್ ಪಟ್ಟಣದಿಂದ ಬರುವ, ಸ್ಯಾಮ್ಯುಯೆಲ್ ಗಾವಿತ್ ಹೆಸರಿನ 'ಫುಲ್ ವರ್ಜೀನಿಯಾ ಫ್ಲೇಕ್' ನನಗೆ ಸಿಕ್ಕಿದ್ದು. ಮಾಸಲು ಕಂದು ಬಣ್ಣದ ಉದ್ದನೆಯ ಪಟ್ಟಿಗಳು ಒಂದರ ಮೇಲೊಂದು ಮಲಗಿರುತ್ತವೆ. ವರ್ಜೀನಿಯಾ ಎಂದರೆ ಹೊಗೆ ತಾಗದಂತೆ, ಕೊಳವೆಗಳ ಮೂಲಕ ಬರುವ ಬಿಸಿಗಾಳಿಯಲ್ಲಿ ಹದಮಾಡಿದ ಎಲೆ; ನಮ್ಮ ಹುಣಸೂರು, ಪಿರಿಯಾಪಟ್ಟಣದ ರೈತರು ಬ್ಯಾರನ್ ಎಂಬ ಹದಮಾಡುವ ಮನೆಗಳಲ್ಲಿ ಬೇಯಿಸುವುದು ಇದೇ ಜಾತಿಯನ್ನು. ಹಾಗೆ ಹದಮಾಡುವುದರಿಂದ ಎಲೆಯ ಸಕ್ಕರೆ ಎಲೆಯಲ್ಲಿಯೇ ಉಳಿಯುತ್ತದೆ. ಗಾಳಿಯಲ್ಲಿ ನಿಧಾನವಾಗಿ ಒಣಗಿಸುವ ಬರ್ಲಿ ಎಂಬ ಇನ್ನೊಂದು ಜಾತಿಯ ಎಲೆಯಲ್ಲಿ ಆ ಸಕ್ಕರೆ ಬಹುಪಾಲು ಕಳೆದುಹೋಗುತ್ತದೆ. ಆದ್ದರಿಂದ ಫ್ಲೇಕಿನಲ್ಲಿ ಬರುವ ಸಿಹಿ ಬೆರೆಸಿದ್ದಲ್ಲ. ಹೊಸ ಹುಲ್ಲಿನ ಬಣವೆಯ ಹತ್ತಿರ ನಿಂತಂಥ ವಾಸನೆ, ಆಲೆಮನೆಯ ಕೊಪ್ಪರಿಗೆಯ ಅಂಚಿಗೆ ಹತ್ತಿದ ಬೆಲ್ಲದಂಥ ರುಚಿ. ಅರ್ಧ ಪೈಪು ದಾಟಿದ ಮೇಲೆ ಅದು ಗಾಢವಾಗುತ್ತ ಹೋಗುತ್ತದೆ.

ಫ್ಲೇಕ್ ಕೂಡ ಡಬ್ಬಿಯಿಂದ ತೆಗೆದಾಗ ತೇವವಾಗಿಯೇ ಇರುತ್ತದೆ, ಹಾಗಾದರೆ ಪರಿಮಳದ ಸೊಪ್ಪಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳಬಹುದು. ನನ್ನ ಅನುಭವದಲ್ಲಿ ಇದರ ತೇವ ಬರೀ ನೀರಿನಂತೆ ನಡೆದುಕೊಳ್ಳುತ್ತದೆ. ಒಂದು ಪಟ್ಟಿಯನ್ನು ತೆಗೆದು, ಅಂಗೈಯಲ್ಲಿ ತಿಕ್ಕಿ ಬಿಡಿಸಿ, ಕಾಫಿ ಕಾಯಿಸಿದ ಒಲೆಯ ಪಕ್ಕದಲ್ಲಿ ತಟ್ಟೆಯ ಮೇಲೆ ಹದಿನೈದು ನಿಮಿಷ ಇಟ್ಟರೆ ಹದಕ್ಕೆ ಬರುತ್ತದೆ, ಮತ್ತು ಸೇದಿ ಮುಗಿಸುವವರೆಗೆ ಆ ಹದದಲ್ಲಿಯೇ ಇರುತ್ತದೆ. ಉಳಿದ ಪಟ್ಟಿಗಳು ಒತ್ತಿಕೊಂಡು ಮಲಗಿರುವುದರಿಂದ ಗಾಳಿ ತಾಗುವುದು ಅಂಚಿಗೆ ಮಾತ್ರ. ಡಬ್ಬಿ ತೆಗೆದ ದಿನವೇ ಎಲ್ಲವನ್ನೂ ರಬ್ಬರ್ ಮುಚ್ಚಳದ ಗಾಜಿನ ಭರಣಿಗೆ ಹಾಕಿ, ಭರಣಿಯನ್ನು ಅಕ್ಕಿಡಬ್ಬದ ಪಕ್ಕ ಇಟ್ಟಿದ್ದೆ. ಎರಡು ತಿಂಗಳಾದರೂ ಬೂಷ್ಟು ಹತ್ತಲಿಲ್ಲ. ಪಟ್ಟಿಯನ್ನು ಬಿಡಿಸದೆ ಮಡಚಿ ತುರುಕಿ ಸೇದುವವರೂ ಉಂಟು. ಮಳೆಗಾಲದಲ್ಲಿ ಅದು ನನ್ನಿಂದ ಸಾಧ್ಯವಾಗಲಿಲ್ಲ. ನಾಲ್ಕು ಸಲ ಆರಿದ ಮೇಲೆ ಬಿಟ್ಟೆ.

ಇದಕ್ಕೂ ಒಂದು ಶರತ್ತಿದೆ. ಅವಸರ ಮಾಡಿದರೆ ಸಕ್ಕರೆಯ ಸೊಪ್ಪು ಬಿಸಿಯೇರಿ ನಾಲಗೆಯನ್ನು ಸುಡುತ್ತದೆ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗುವುದು ಖಂಡಿತ. ಒಂದು ಸಂಜೆ ಕಾಫಿಗೆ ಮುಂಚೆ ಹಚ್ಚಿ ಕಂಬ ಹಿಡಿದುಕೊಂಡು ಒಳಗೆ ಹೋಗಿದ್ದೇನೆ.

ಬೇರೆ ಎರಡು ಬಗೆಗಳನ್ನೂ ಸ್ನೇಹಿತರ ಡಬ್ಬಿಯಿಂದ ರುಚಿ ನೋಡಿದ್ದೇನೆ. ಅಮೆರಿಕದ ಲೂಯಿಸಿಯಾನಾದಲ್ಲಿ ಎಲೆಯನ್ನು ಪೀಪಾಯಿಗಳಲ್ಲಿ ಒತ್ತಿ ಹುಳಿಬರಿಸಿ ಮಾಡುವ ಪೆರೀಕ್ ಸೇರಿದ ವರ್ಜೀನಿಯಾ ಸೊಗಸಾಗಿದೆ. ಕಾಳುಮೆಣಸಿನ ಊರಿನವರಿಗೆ ಅದರ ಕಾರ ಹಿಡಿಸುತ್ತದೆ. ಬರಿಯ ಬರ್ಲಿ ನನಗೆ ಬಿಕ್ಕಳಿಕೆ ತರಿಸಿತು.

ಲೆಕ್ಕದ ಮಾತು ಹೇಳದಿದ್ದರೆ ಹೋಲಿಕೆ ಅಪೂರ್ಣ. ನನ್ನ ಪೈಪಿಗೆ ಒಂದು ಸಲಕ್ಕೆ ಸುಮಾರು ಎರಡೂವರೆ ಗ್ರಾಂ ಹಿಡಿಸುತ್ತದೆ. 50 ಗ್ರಾಂನ ಡಬ್ಬಿಯಲ್ಲಿ ಇಪ್ಪತ್ತು ಪೈಪು. ವಾರಕ್ಕೆ ಮೂರರಂತೆ ಅದು ಆರೂವರೆ ವಾರಕ್ಕೆ ಮೇಲ್ಪಟ್ಟು ಬರುತ್ತದೆ. ಗ್ರಾಂ ಲೆಕ್ಕದಲ್ಲಿ ಫ್ಲೇಕ್ ನನಗೆ ಪರಿಮಳದ ಸೊಪ್ಪಿನ ಹತ್ತಿರಹತ್ತಿರ ಎರಡರಷ್ಟು ಬೆಲೆಗೆ ಬಿತ್ತು. ಆದರೆ ಅಗ್ಗದ 250 ಗ್ರಾಂನಲ್ಲಿ ಗುಂಡಿಗೆ ಹೋದದ್ದನ್ನು ಕಳೆದು, ನಿಜವಾಗಿ ಸೇದಿದ ಪೈಪುಗಳಿಗೆ ಹಂಚಿದರೆ ಎರಡೂ ಒಂದೇ ದರಕ್ಕೆ ಬಂದು ನಿಲ್ಲುತ್ತವೆ. ಕಡ್ಡಿಪೆಟ್ಟಿಗೆಯ ಖರ್ಚು ಬೇರೆ. ದಿನಕ್ಕೆ ನಾಲ್ಕು ಪೈಪು ಸೇದುವವರಿಗೆ, ಅಥವಾ ಶಿವಮೊಗ್ಗೆಯಿಂದಾಚೆ ಬಯಲುಸೀಮೆಯ ಒಣ ಹವೆಯಲ್ಲಿ ಇರುವವರಿಗೆ ಈ ಲೆಕ್ಕ ಬೇರೆಯಾಗಬಹುದು.

ಈ ವರ್ಷ ಮೇ ತಿಂಗಳಲ್ಲೇ ತಂಗಿಯ ಮಗನಿಗೆ ಹೇಳಿ ಫ್ಲೇಕಿನ ಎರಡು ಡಬ್ಬಿಗಳನ್ನು ತರಿಸಿಟ್ಟಿದ್ದೇನೆ. ಜೊತೆಗೆ ಲಟಾಕಿಯಾ ಮಿಶ್ರಣದ ಒಂದು ಡಬ್ಬಿಯೂ ಇದೆ; ಅದನ್ನು ದೀಪಾವಳಿ ಕಳೆದು, ಬಟ್ಟೆಯ ಹಗ್ಗಗಳು ನಡುಮನೆಯಿಂದ ಅಂಗಳಕ್ಕೆ ಹೋದ ಮೇಲೆಯೇ ತೆರೆಯುವುದೆಂದು ಮನೆಯಲ್ಲಿ ಒಪ್ಪಂದವಾಗಿದೆ.