1961ರ ಹೈನ್‌ಲೈನ್ ‘ಮೊದಲ ಮುದ್ರಣ’ ಕೊಳ್ಳುವವರೇ, 408ನೇ ಪುಟದ ಫೋಟೋ ಬರುವವರೆಗೂ ದುಡ್ಡು ಕಳಿಸಬೇಡಿ

ವಿಜ್ಞಾನ ಕಾದಂಬರಿಕಾರ ರಾಬರ್ಟ್ ಹೈನ್‌ಲೈನ್ ಅವರ ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’ ಮೊದಲ ಮುದ್ರಣವೆಂದು ಅಮೆರಿಕದ ಮಾರಾಟಗಾರರೊಬ್ಬರು ನಮಗೆ ಕಳಿಸಿದ್ದು ಬುಕ್ ಕ್ಲಬ್ ಪ್ರತಿ. ಅವರು ತೋರಿಸಿದ್ದು ಮುಖಪುಟ, ಬೆನ್ನು ಮತ್ತು ಕಾಪಿರೈಟ್ ಪುಟದ ಫೋಟೋ ಮಾತ್ರ. ‘ಪಟ್ನಮ್, 1961 ಅಂತ ಅಚ್ಚಾಗಿದೆಯಲ್ಲ’ ಎಂಬುದೇ ಅವರ ವಾದ. ಬುಕ್ ಕ್ಲಬ್‌ಗಳು ಮೂಲ ಪ್ರಕಾಶಕರ ಹೆಸರು, ವರ್ಷವನ್ನು ಹಾಗೇ ಉಳಿಸಿಕೊಂಡು ಅಗ್ಗದ ಕಾಗದದಲ್ಲಿ ಸದಸ್ಯರಿಗೆ ಅಚ್ಚು ಹಾಕಿಸುತ್ತಿದ್ದವು. ಹಾಗಾಗಿ ಆ ಪುಟವೊಂದನ್ನೇ ನಂಬಿದರೆ ಏನೂ ಸಾಬೀತಾಗದು.

ಈ ಪುಸ್ತಕಕ್ಕೆ ನಿಜವಾದ ಗುರುತು 408ನೇ ಪುಟದಲ್ಲಿದೆ. ಅಲ್ಲಿ ‘ಸಿ22’ (C22) ಎಂಬ ಪುಟ್ಟ ಸಂಕೇತ ಇರಲೇಬೇಕು. ಅಕ್ಷರ ವರ್ಷವನ್ನೂ ಅಂಕಿ ವಾರವನ್ನೂ ಹೇಳುತ್ತದೆ: 1961ರ 22ನೇ ವಾರ. ಇಂಥ ಸಂಕೇತ ಕಂಡರೆ ಅದು ಬುಕ್ ಕ್ಲಬ್ ಪ್ರತಿಯೇ ಎಂದು ಎಷ್ಟೋ ಸಂಗ್ರಾಹಕರು ತಳ್ಳಿಬಿಡುತ್ತಾರೆ. ಅದು ತಪ್ಪು. ಬುಕ್ ಕ್ಲಬ್ ನಡೆಸುತ್ತಿದ್ದ, ಇಂಥ ಸಂಕೇತ ಬಳಸುತ್ತಿದ್ದ ಪ್ರಕಾಶಕ ಸಂಸ್ಥೆ ಡಬಲ್‌ಡೇ ತನ್ನ ಅಂಗಡಿ ಪ್ರತಿಗಳಲ್ಲೂ ಇದನ್ನು ಹಾಕುತ್ತಿತ್ತು. ಸಂಕೇತ ಇದೆಯೇ ಎನ್ನುವುದಕ್ಕಿಂತ ಯಾವ ಸಂಕೇತ ಎನ್ನುವುದು ಮುಖ್ಯ.

ಆಮೇಲೆ ಡಸ್ಟ್ ಜಾಕೆಟ್, ಅಂದರೆ ರಟ್ಟಿನ ಮೇಲೆ ಸುತ್ತುವ ಕಾಗದದ ಹೊದಿಕೆ. ಮುಂದಿನ ಮಡಿಕೆಯ ಮೇಲೆ 4.50 ಡಾಲರ್ ಬೆಲೆ ಇರಬೇಕು. ನಮ್ಮ ಪ್ರತಿಯಲ್ಲಿ ಬೆಲೆ ಇರಲಿಲ್ಲ, ಕೆಳಗಿನ ಮೂಲೆಯನ್ನೂ ಕತ್ತರಿಸಲಾಗಿತ್ತು. ಉಡುಗೊರೆ ಕೊಡುವಾಗ ಬೆಲೆಯಿರುವ ಮೂಲೆ ಕತ್ತರಿಸುವುದು ಹಳೆಯ ರೂಢಿ, ಅದರಿಂದ ಮೌಲ್ಯ ಕುಗ್ಗುತ್ತದೆ ಅಷ್ಟೆ. ಕೆಳಗಿನ ಮೂಲೆ ಕತ್ತರಿಸಲು ಅಂಥ ಕಾರಣವಿಲ್ಲ. ‘ಬುಕ್ ಕ್ಲಬ್ ಎಡಿಷನ್’ ಎಂಬ ಸಾಲು ಸಾಮಾನ್ಯವಾಗಿ ಅಚ್ಚಾಗುತ್ತಿದ್ದದ್ದೇ ಅಲ್ಲಿ. ಮಡಿಕೆ ಪೂರ್ತಿ ಬಿಚ್ಚಿ, ನಾಲ್ಕೂ ಮೂಲೆ ಕಾಣುವಂತೆ ತೆಗೆದ ಫೋಟೋ ಕೇಳಿ.

ಜಾಕೆಟ್ ಅಸಲಿಯಾಗಿದ್ದು ಒಳಗಿನ ಪುಸ್ತಕ ಕ್ಲಬ್‌ನದಾಗಿರುವುದೂ ಉಂಟು. ಕ್ಲಬ್ ಪ್ರತಿಗಳು ಹೆಚ್ಚಾಗಿ ಎತ್ತರದಲ್ಲಿ ಕೊಂಚ ಗಿಡ್ಡ, ಹಾಗಾಗಿ ಜಾಕೆಟ್ ಅಂಚು ರಟ್ಟಿನಿಂದ ಹೊರಗೆ ಚಾಚಿಕೊಳ್ಳುತ್ತದೆ. ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ, ಬೆನ್ನಿನ ಹತ್ತಿರ, ಶಾಯಿಯಿಲ್ಲದೆ ಒತ್ತಿದ ಚುಕ್ಕಿ ಅಥವಾ ಚೌಕವಿದೆಯೇ ಎಂದು ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಇನ್ನು ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲು ಜಾಕೆಟ್‌ಗಳು: 10 ಪಟ್ಟು ಹಿಗ್ಗಿಸುವ ಲೂಪ್ ಇಟ್ಟರೆ ಅಕ್ಷರಗಳ ಅಂಚು ಒಡೆದು ಬಣ್ಣದ ಚುಕ್ಕಿಗಳಾಗಿ ಕಾಣುತ್ತದೆ. ಅಸಲಿಯಲ್ಲಿ ಕಪ್ಪು ಅಕ್ಷರ ಗಟ್ಟಿ ಕಪ್ಪಾಗಿರುತ್ತದೆ.

ಗಟ್ಟಿರಟ್ಟಿನದೇ ಮೊದಲು ಎಂಬ ನಂಬಿಕೆಯನ್ನೂ ಬಿಡಿ. ವಿಲಿಯಂ ಗಿಬ್ಸನ್ ಅವರ ಕಾದಂಬರಿ ‘ನ್ಯೂರೋಮ್ಯಾನ್ಸರ್’ ಮೊದಲು ಬಂದದ್ದು 1984ರ ಜುಲೈನಲ್ಲಿ, ಏಸ್ ಪ್ರಕಾಶನದ ಪೇಪರ್‌ಬ್ಯಾಕ್ ಆಗಿ. ಅಮೆರಿಕದ ಮೊದಲ ಗಟ್ಟಿರಟ್ಟಿನ ಆವೃತ್ತಿ, ಫ್ಯಾಂಟೇಸಿಯಾ ಪ್ರೆಸ್‌ನದು, 1986ರದ್ದು.

ನಮ್ಮ ಪ್ರಕರಣದಲ್ಲಿ ಹಣ ಬ್ಯಾಂಕ್ ವರ್ಗಾವಣೆಯಲ್ಲಿ ಹೋಗಿತ್ತು. ಆದ್ದರಿಂದ ಕಾರ್ಡ್‌ನಲ್ಲಿ ಸಿಗುವ ಚಾರ್ಜ್‌ಬ್ಯಾಕ್ (ಬ್ಯಾಂಕಿಗೆ ದೂರಿತ್ತು ಹಣ ಹಿಂಪಡೆಯುವ) ದಾರಿಯೇ ಇರಲಿಲ್ಲ, ಮಾರಿದವರು ಉತ್ತರಿಸುವುದನ್ನೂ ನಿಲ್ಲಿಸಿದರು. ಕಾರ್ಡ್‌ನಲ್ಲೇ ಕೊಡಿ. ‘408ನೇ ಪುಟದಲ್ಲಿ ಸಿ22 ಇದೆ, ಇಲ್ಲದಿದ್ದರೆ ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ವಾಪಸ್’ ಎಂದು ಕೊಳ್ಳುವ ಮೊದಲೇ ಬರಹದಲ್ಲಿ ಪಡೆಯಿರಿ.