ಹೃದಯಸ್ತಂಭನದಿಂದ ಬದುಕುಳಿದವರಿಗೆ ಆಪ್ತಸಮಾಲೋಚನೆ: ಒಂದು ಸೇವೆಯ ವಿಮರ್ಶೆ

ಹೃದಯಸ್ತಂಭನವಾಗಿ ಬದುಕುಳಿದವರಿಗೆ ಆಸ್ಪತ್ರೆಯೊಂದು ನಡೆಸುವ ಆಪ್ತಸಮಾಲೋಚನೆಗೆ ನನ್ನ ಪತಿಯೊಂದಿಗೆ ಹೋಗಿಬಂದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಔಷಧಿ, ವ್ಯಾಯಾಮ, ನಿದ್ರೆಗಳ ಕುರಿತು ಅಲ್ಲಿ ಕೊಡುವ ಸಲಹೆಗಳಲ್ಲಿ ಕೊರತೆಯೇನೂ ಇಲ್ಲ. ಆದರೆ ಈ ಸೇವೆಯ ನಿಜವಾದ ಹೆಚ್ಚುಗಾರಿಕೆ ಇರುವುದು, ಹೃದಯ ನಿಂತಿದ್ದ ಹೊತ್ತಿನ ನೆನಪು ಏನಾದರೂ ಉಳಿದಿದೆಯೇ ಎಂದು ಪ್ರತಿಯೊಬ್ಬರನ್ನೂ ತಾವಾಗಿಯೇ ಕೇಳುವುದರಲ್ಲಿ.

ನನ್ನ ಪತಿ ಮನೆಯಲ್ಲಿ ಯಾರೊಂದಿಗೂ ಆಡದಿದ್ದ ಮಾತು ಆ ಪ್ರಶ್ನೆಯಿಂದ ಹೊರಬಂತು. ನೋವಿಲ್ಲದ ಒಂದು ನೆಮ್ಮದಿ, ಬೆಳಕು, ಎಂದೋ ತೀರಿಹೋದ ತಾಯಿ ಹತ್ತಿರವೇ ಇದ್ದಾರೆಂಬ ಭಾವನೆ. ಜನ ನಕ್ಕಾರು, ಇಲ್ಲವೇ ಕೈ ಮುಗಿದಾರು ಎಂದು ಅವರು ಸುಮ್ಮನಿದ್ದರಂತೆ. ಸಮಾಲೋಚಕಿ ಎರಡನ್ನೂ ಮಾಡಲಿಲ್ಲ. ಪೂರ್ತಿ ಕೇಳಿಸಿಕೊಂಡು, ಬಳಿಕ ಇಂಥ ಅನುಭವಗಳನ್ನು ಅಳೆಯಲು ಬಳಸುವ ಗ್ರೇಸನ್ ಮಾಪಕದ 16 ಪ್ರಶ್ನೆಗಳನ್ನು ಕೇಳಿದರು. 32 ಅಂಕಗಳಲ್ಲಿ 7 ಅಥವಾ ಹೆಚ್ಚು ಬಂದರೆ ಅದನ್ನು ಮರಣಸಮೀಪ ಅನುಭವವೆಂದು ಪರಿಗಣಿಸುತ್ತಾರೆ. ಆದರೆ ಕಂಡದ್ದು ದಿಟವೋ ಅಲ್ಲವೋ ಎಂಬುದನ್ನು ಆ ಅಂಕ ಹೇಳುವುದಿಲ್ಲ ಎಂದು ಅವರು ಮೊದಲೇ ತಿಳಿಸಿದ್ದು ನನಗೆ ಬಹಳ ಮುಖ್ಯವೆನಿಸಿತು.

ಅವರ ವಿವರಣೆಯೂ ಅಷ್ಟೇ ಪ್ರಾಮಾಣಿಕವಾಗಿತ್ತು. ರಕ್ತಸಂಚಾರ ನಿಂತ ಅರ್ಧ ನಿಮಿಷದೊಳಗೇ ಮಿದುಳಿನ ಇಇಜಿ (ವಿದ್ಯುತ್ ಅಲೆಗಳ ದಾಖಲೆ) ಸಾಮಾನ್ಯವಾಗಿ ಸಪಾಟಾಗುವುದರಿಂದ, ಇಂಥ ನೆನಪು ಯಾವ ಕ್ಷಣದಲ್ಲಿ ರೂಪುಗೊಳ್ಳುತ್ತದೆ ಎಂಬುದೇ ಬಿಡಿಸಲಾಗದ ಪ್ರಶ್ನೆಯಾಗಿ ಉಳಿದಿದೆ. 2023ರಲ್ಲಿ ಪ್ರಕಟವಾದ, ವೈದ್ಯ ಸ್ಯಾಮ್ ಪಾರ್ನಿಯಾ ಅವರ ತಂಡದ ಅಧ್ಯಯನದಲ್ಲಿ, ಆಸ್ಪತ್ರೆಯೊಳಗೆ ಹೃದಯಸ್ತಂಭನವಾದ 567 ಜನರಲ್ಲಿ ಬದುಕುಳಿದವರು 53 ಮಂದಿ. ಸಂದರ್ಶನಕ್ಕೆ ಸಿಕ್ಕ 28 ಜನರಲ್ಲಿ 11 ಮಂದಿ ಪ್ರಜ್ಞೆಯನ್ನು ಸೂಚಿಸುವ ನೆನಪುಗಳನ್ನು ಹೇಳಿದರು. ಎದೆ ಒತ್ತುತ್ತಿದ್ದಾಗಲೇ ಕೆಲವರ ಮಿದುಳಿನಲ್ಲಿ ಸಹಜಕ್ಕೆ ಹತ್ತಿರವಾದ ಅಲೆಗಳೂ ದಾಖಲಾದವು. ಆದರೆ ಆ ಅಲೆಗಳನ್ನು ಇಂಥವರ ಇಂಥ ನೆನಪಿಗೆ ಜೋಡಿಸಲು ಆಗಲಿಲ್ಲ, ಎದೆ ಒತ್ತುತ್ತಿದ್ದ ಹೊತ್ತಿನಲ್ಲಿ ಪರೀಕ್ಷೆಗೆಂದು ತೋರಿಸಿದ್ದ ಚಿತ್ರವನ್ನು ಯಾರೂ ಗುರುತಿಸಲೂ ಇಲ್ಲ. ಇಷ್ಟನ್ನೂ ರೋಗಿಯ ಎದುರು ಮುಚ್ಚಿಡದೆ ಹೇಳುವವರು ಸಿಗುವುದು ಭಾಗ್ಯವೇ ಸರಿ.

ಕೈಗೆ ಕೊಡುವ ಕರಪತ್ರಕ್ಕೆ ಮಾತ್ರ ಈ ಎಚ್ಚರವಿಲ್ಲ. ಅದರಲ್ಲಿ 2001ರ ಡಚ್ ಅಧ್ಯಯನವೊಂದೇ ಇದೆ. ಅದನ್ನೂ 344 ರೋಗಿಗಳಲ್ಲಿ 62 ಮಂದಿಗೆ ಇಂಥ ಅನುಭವವಾಯಿತೆಂಬಲ್ಲಿಗೆ ನಿಲ್ಲಿಸಿದ್ದಾರೆ. ಉಳಿದ 282 ಮಂದಿಗೆ ಏನೂ ನೆನಪಿರಲಿಲ್ಲವೆಂಬುದನ್ನು ಓದಿದ್ದರೆ, ನಮ್ಮ ಪಕ್ಕದಲ್ಲಿ ಕುಳಿತಿದ್ದ, ತನಗೇಕೆ ಏನೂ ಕಾಣಲಿಲ್ಲವೆಂದು ಕೊರಗುತ್ತಿದ್ದ ಹಿರಿಯರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಭಯಾನಕ ಅನುಭವವಾದವರೂ ಇದ್ದಾರೆ; ಅವರ ಬಗ್ಗೆ ಕರಪತ್ರದಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ಕೊರತೆ ಸಮಯದ್ದು. ಆಸ್ಪತ್ರೆಯಿಂದ ಮನೆಗೆ ಹೋದ 3 ತಿಂಗಳೊಳಗೆ ಇಂಥ ಮರುಭೇಟಿ ಆಗಬೇಕೆಂದು ಯುರೋಪಿನ ಪುನಶ್ಚೇತನ ಮಂಡಳಿಯ 2021ರ ಮಾರ್ಗಸೂಚಿ ಹೇಳುತ್ತದೆ. ನಮ್ಮನ್ನು ಕರೆದದ್ದು ಆ ಅವಧಿ ಕಳೆದ ಮೇಲೆ. ಆರೈಕೆ ಮಾಡುವವರ ಆತಂಕ, ಖಿನ್ನತೆಗಳನ್ನೂ ವಿಚಾರಿಸಬೇಕೆಂದು ಅಮೆರಿಕದ ಹೃದಯ ಸಂಘ 2020ರಲ್ಲೇ ಸೂಚಿಸಿದ್ದರೂ, ಇಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಪತಿಯ ಎದೆಯನ್ನು ಒತ್ತಿದವಳು ನಾನೇ ಆಗಿದ್ದರೂ.

ಇಷ್ಟಾದರೂ, ಹೃದಯಸ್ತಂಭನದಿಂದ ಬದುಕಿ ಬಂದು ಹೇಳಿಕೊಳ್ಳಲಾಗದ ನೆನಪನ್ನು ಹೊತ್ತಿರುವವರು ಈ ಸೇವೆಗೆ ಹೋಗಲೇಬೇಕೆಂದು ಹೇಳುತ್ತೇನೆ. ಕರೆ ಬರಲೆಂದು ಕಾಯದೆ, ಮನೆಗೆ ಹೊರಡುವ ದಿನವೇ ಭೇಟಿಯ ದಿನಾಂಕವನ್ನು ಕೇಳಿ ಪಡೆಯಿರಿ. ಮನೆಯವರಿಗೂ ಪ್ರತ್ಯೇಕ ಸಮಯ ಬೇಕೆಂದು ಆಗಲೇ ತಿಳಿಸಿ.