ಮನೆ ಕಳೆದುಕೊಂಡವರಿಗೆ ಬಂದ ಎರಡು ಚೆಕ್‌ಗಳು: ಅಮೆರಿಕದ ಅಡಮಾನ ಪರಿಹಾರ ಯೋಜನೆಗಳ ವಿಮರ್ಶೆ

ಗೃಹಸಾಲದ ಕಂತು ಕಟ್ಟಲಾಗದೆ ಮನೆ ಹರಾಜಾದವರಿಗೆ ಅಮೆರಿಕದಲ್ಲಿ 2012 ಮತ್ತು 2013ರಲ್ಲಿ ಹೆಚ್ಚುಕಡಿಮೆ ಒಟ್ಟೊಟ್ಟಿಗೇ ಎರಡು ಪರಿಹಾರ ಯೋಜನೆಗಳು ಜಾರಿಯಾದವು. ಒಂದು, ಐದು ದೊಡ್ಡ ಬ್ಯಾಂಕುಗಳ ಜೊತೆ ರಾಜ್ಯ ಸರ್ಕಾರಗಳು ಮತ್ತು ಕೇಂದ್ರ ಸರ್ಕಾರ ಮಾಡಿಕೊಂಡ ನ್ಯಾಷನಲ್ ಮಾರ್ಟ್‌ಗೇಜ್ ಸೆಟ್ಲ್‌ಮೆಂಟ್. ಇನ್ನೊಂದು, ಬ್ಯಾಂಕ್ ನಿಯಂತ್ರಕರು ಆದೇಶಿಸಿದ್ದ ಇಂಡಿಪೆಂಡೆಂಟ್ ಫೋರ್‌ಕ್ಲೋಷರ್ ರಿವ್ಯೂ. ಕ್ಯಾಲಿಫೋರ್ನಿಯಾದ ಮೌಂಟನ್ ಹೌಸ್ ಊರಿನಲ್ಲಿ 2010ರಲ್ಲಿ ಮನೆ ಕಳೆದುಕೊಂಡ ನನ್ನ ಪರಿಚಯದ ಒಂದು ಕನ್ನಡ ಕುಟುಂಬ ಈ ಎರಡಕ್ಕೂ ಅರ್ಹವಾಗಿತ್ತು. ಅವರ ಕಾಗದಪತ್ರಗಳನ್ನು ತುಂಬಿಕೊಟ್ಟವನು ನಾನಾದ್ದರಿಂದ, ಈ ಎರಡನ್ನೂ ಬಳಕೆದಾರನ ಕಡೆಯಿಂದ ತೂಗಿ ನೋಡುವ ಅವಕಾಶ ನನಗೆ ಸಿಕ್ಕಿತು. ಇವೆರಡೂ ಮುಗಿದು ವರ್ಷಗಳೇ ಆದರೂ ಇಂಥ ಇತ್ಯರ್ಥಗಳ ಪತ್ರಗಳು ಜನರಿಗೆ ಇನ್ನೂ ಬರುತ್ತಲೇ ಇರುವುದರಿಂದ, ಅವುಗಳಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂದು ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಸಿಲಿಕಾನ್ ವ್ಯಾಲಿಯಲ್ಲಿ ದುಡಿದು, ಅಲ್ಲಿನ ಬೆಲೆಗೆ ಮನೆ ಕೊಳ್ಳಲಾಗದವರು ಗುಡ್ಡ ದಾಟಿ ಹೋಗಿ ಮನೆ ಕೊಂಡ ಊರುಗಳಲ್ಲಿ ಮೌಂಟನ್ ಹೌಸ್ ಒಂದು. ಮನೆಯ ಬೆಲೆಗಿಂತ ಬಾಕಿ ಸಾಲವೇ ಹೆಚ್ಚಾಗಿರುವ ಕುಟುಂಬಗಳ ಪ್ರಮಾಣದಲ್ಲಿ ಇಡೀ ದೇಶಕ್ಕೆ ಇದೇ ಮೊದಲ ಸ್ಥಾನದಲ್ಲಿದೆ ಎಂದು 2008ರ ನವೆಂಬರಿನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಸಾಲವಿದ್ದ ಮನೆಗಳಲ್ಲಿ ನೂರಕ್ಕೆ ಸುಮಾರು 90ರ ಸ್ಥಿತಿ ಹಾಗೇ ಇತ್ತು. ನನ್ನ ಪರಿಚಿತರ ಕಥೆಯೂ ಆ ಕಾಲದ ಮಾಮೂಲಿ ಕಥೆಯೇ. ಕೆಲಸ ಹೋಯಿತು, ಕಂತು ಕಡಿಮೆ ಮಾಡಿಕೊಡಿ ಎಂದು ಅರ್ಜಿ ಹಾಕಿದರು, ಕಂತು ವಸೂಲಿ ಮಾಡುವ ಸಂಸ್ಥೆ ಒಂದು ಕೈಯಲ್ಲಿ ಆ ಅರ್ಜಿಯನ್ನು ಪರಿಶೀಲಿಸುತ್ತಿದ್ದೇವೆ ಎನ್ನುತ್ತಲೇ ಇನ್ನೊಂದು ಕೈಯಲ್ಲಿ ಹರಾಜಿನ ನೋಟಿಸು ಕಳಿಸಿತು. ಈ ಎರಡು ದಾರಿಯ ಆಟ ಎಷ್ಟು ವ್ಯಾಪಕವಾಗಿತ್ತೆಂದರೆ, ಅದನ್ನು ತಡೆಯಲೆಂದೇ ಕ್ಯಾಲಿಫೋರ್ನಿಯಾ ಒಂದು ಕಾಯ್ದೆ ಮಾಡಿ 2013ರ ಜನವರಿ 1ರಿಂದ ಜಾರಿಗೆ ತಂದಿತು. ದೇಶದ ಉಳಿದೆಡೆ, ಹರಾಜಿಗೆ ಬೇಕಾದ ಪ್ರಮಾಣಪತ್ರಗಳಿಗೆ ನೌಕರರು ಓದದೆಯೇ ಸಹಿ ಹಾಕುತ್ತಿದ್ದ ಸಂಗತಿ 2010ರಲ್ಲಿ ಹೊರಬಿದ್ದಿತ್ತು. ತಿಂಗಳಿಗೆ ಸುಮಾರು 10,000 ದಾಖಲೆಗಳಿಗೆ ಸಹಿ ಹಾಕುತ್ತಿದ್ದೆ ಎಂದು ಒಂದು ಸಂಸ್ಥೆಯ ನೌಕರನೇ ಸಾಕ್ಷ್ಯ ನುಡಿದಿದ್ದ.

ಮೊದಲ ಯೋಜನೆಯ ಬಗ್ಗೆ ನೋಡೋಣ. 2012ರ ಫೆಬ್ರವರಿ 9ರಂದು ಘೋಷಣೆಯಾದ ಈ ಒಪ್ಪಂದದಲ್ಲಿ ಬ್ಯಾಂಕ್ ಆಫ್ ಅಮೆರಿಕ, ಜೆಪಿ ಮಾರ್ಗನ್ ಚೇಸ್, ವೆಲ್ಸ್ ಫಾರ್ಗೋ, ಸಿಟಿ ಮತ್ತು ಆಲೈ ಸಂಸ್ಥೆಗಳು ಒಂದು ಕಡೆ, ಓಕ್ಲಹೋಮ ಬಿಟ್ಟು ಉಳಿದ 49 ರಾಜ್ಯಗಳು ಮತ್ತು ಕೇಂದ್ರ ಸರ್ಕಾರ ಇನ್ನೊಂದು ಕಡೆ. ಒಟ್ಟು ಮೊತ್ತ 25 ಬಿಲಿಯನ್ ಡಾಲರ್ ಎಂದು ಸುದ್ದಿಯಾಯಿತಾದರೂ ಅದರ ಬಹುಪಾಲು ಇನ್ನೂ ಮನೆಯಲ್ಲೇ ಇದ್ದವರ ಸಾಲ ತಗ್ಗಿಸುವುದಕ್ಕೆ ಮೀಸಲು. ಮನೆ ಆಗಲೇ ಕೈಬಿಟ್ಟು ಹೋದವರಿಗೆ ನಗದಾಗಿ ಹಂಚಲು ಇಟ್ಟದ್ದು 1.5 ಬಿಲಿಯನ್ ಮಾತ್ರ. 2008ರ ಜನವರಿ 1ರಿಂದ 2011ರ ಡಿಸೆಂಬರ್ 31ರ ನಡುವೆ ಹರಾಜಾದ ಮನೆಗಳಿಗೆ ಇದು ಅನ್ವಯವಾಗುತ್ತಿತ್ತು.

ಬಳಕೆದಾರನಾಗಿ ಹೇಳುವುದಾದರೆ, ಸರ್ಕಾರಿ ಮುದ್ರೆಯ ಯಾವ ಅರ್ಜಿಯೂ ನನ್ನ ಅನುಭವದಲ್ಲಿ ಇಷ್ಟು ಸರಳವಾಗಿದ್ದಿಲ್ಲ. ಪತ್ರದಲ್ಲಿ ಕೊಟ್ಟ ಸಂಖ್ಯೆಯನ್ನು ಹಾಕಿ ಆನ್‌ಲೈನಿನಲ್ಲೇ ತುಂಬಬಹುದಿತ್ತು. ಎಷ್ಟು ನಷ್ಟವಾಯಿತೆಂದು ದಾಖಲೆ ಒದಗಿಸಬೇಕಿರಲಿಲ್ಲ, ಶುಲ್ಕವಿರಲಿಲ್ಲ, ವಕೀಲರು ಬೇಕಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಹಣ ಪಡೆದ ಮಾತ್ರಕ್ಕೆ ಬ್ಯಾಂಕಿನ ಮೇಲೆ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕಿರಲಿಲ್ಲ. ಇಂಥ ಪತ್ರಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಈ ಕೊನೆಯ ಸಾಲನ್ನೇ, ಏಕೆಂದರೆ ಸಾವಿರ ಡಾಲರಿನ ಚೆಕ್ ಕೊಟ್ಟು ಲಕ್ಷ ಡಾಲರಿನ ಹಕ್ಕನ್ನು ಬರೆಸಿಕೊಳ್ಳುವ ಖಾಸಗಿ ರಾಜಿಗಳನ್ನೂ ನಾನು ಓದಿದ್ದೇನೆ.

ಈ ವ್ಯವಸ್ಥೆಯ ದೊಡ್ಡ ದೋಷವಿದ್ದದ್ದು ಅರ್ಜಿಯಲ್ಲಿ ಅಲ್ಲ, ಲಕೋಟೆಯ ಮೇಲಿನ ವಿಳಾಸದಲ್ಲಿ. ಪರಿಹಾರ ಸಲ್ಲಬೇಕಾದದ್ದು ಮನೆ ಕಳೆದುಕೊಂಡವರಿಗೆ, ಆದರೆ ಬ್ಯಾಂಕಿನ ಕಡತದಲ್ಲಿರುವುದು ಅದೇ ಮನೆಯ ವಿಳಾಸ. ಹೊಸ ವಿಳಾಸ ಹುಡುಕುವ ಪ್ರಯತ್ನ ನಡೆಯಿತೆಂಬುದು ನಿಜ. ಆದರೂ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಅಲ್ಲಿಂದ ಬಂಧುಗಳ ಮನೆಗೆ ಹೋದವರನ್ನು ಯಾವ ದತ್ತಾಂಶ ಹಿಂಬಾಲಿಸೀತು? ಅಮೆರಿಕದ ಅಂಚೆ ಇಲಾಖೆ ಸಾಮಾನ್ಯವಾಗಿ ಹಳೆಯ ವಿಳಾಸದ ಪತ್ರಗಳನ್ನು ಹೊಸ ವಿಳಾಸಕ್ಕೆ ತಿರುಗಿಸಿ ಕಳಿಸುವುದು 12 ತಿಂಗಳು. 2009ರಲ್ಲಿ ಮನೆ ಬಿಟ್ಟವರಿಗೆ 2012ರ ಶರತ್ಕಾಲದಲ್ಲಿ ಹೊರಟ ಪತ್ರ ಆ ದಾರಿಯಲ್ಲಿ ಸಿಗುವ ಸಂಭವವೇ ಇರಲಿಲ್ಲ. ವೀಸಾ ಮುಗಿದೋ, ಮನಸ್ಸು ಮುರಿದೋ ಬೆಂಗಳೂರಿಗೆ ಮರಳಿದವರ ಸ್ಥಿತಿ ಇನ್ನೂ ಕಷ್ಟದ್ದು. ಪತ್ರ ಸಿಕ್ಕಿ ಚೆಕ್ ಬಂದರೂ, ಡಾಲರ್ ಚೆಕ್ಕನ್ನು ನಮ್ಮ ಬ್ಯಾಂಕುಗಳು ಕಲೆಕ್ಷನ್‌ಗೆಂದು ಕಳಿಸಿ, ವಾರಗಟ್ಟಲೆ ಕಾಯಿಸಿ, ಶುಲ್ಕ ಮುರಿದುಕೊಂಡೇ ಕೊಡುವುದು. ಸುಮಾರು 20 ಲಕ್ಷ ಜನರಿಗೆ ಪತ್ರ ಹೋಗಿ, ಹಣ ಪಡೆದವರು ಅದರ ಅರ್ಧಕ್ಕಿಂತ ತುಸು ಕಡಿಮೆ, ಅಂದರೆ 9.6 ಲಕ್ಷದಷ್ಟು ಸಾಲಗಳವರು ಎಂಬುದರಲ್ಲಿ ಈ ವಿಳಾಸದ ಪಾಲು ಸಣ್ಣದಿರಲಾರದು ಎಂದು ನನ್ನ ಅಂದಾಜು.

ಹಣ ಬಂದದ್ದು 2013ರ ಜೂನ್‌ನಲ್ಲಿ. ಮೊದಲು 840 ಡಾಲರಿನ ಆಸುಪಾಸು ಎಂದಿದ್ದದ್ದು, ಅರ್ಜಿದಾರರು ಕಡಿಮೆಯಾದ್ದರಿಂದ 1,480ಕ್ಕೆ ಏರಿತ್ತು. ಎಲ್ಲರಿಗೂ ಒಂದೇ ಮೊತ್ತ. ನಾಲ್ಕೈದು ಲಕ್ಷ ಡಾಲರಿನ ಮನೆ ಹೋದವರಿಗೆ ಇದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯೇ ಸರಿ. ಆದರೆ ಈ ಯೋಜನೆ ತಾನು ಅದಕ್ಕಿಂತ ಹೆಚ್ಚಿನದು ಎಂದು ಎಲ್ಲಿಯೂ ಹೇಳಿಕೊಳ್ಳಲಿಲ್ಲ. ಯಾರ ಕಡತವನ್ನೂ ತೆರೆದು ನೋಡುವುದಿಲ್ಲ, ಯಾರಿಗೆ ಎಷ್ಟು ಅನ್ಯಾಯವಾಯಿತೆಂದು ಅಳೆಯುವುದಿಲ್ಲ, ಇದ್ದುದನ್ನು ಸಮನಾಗಿ ಹಂಚುತ್ತೇವೆ ಎಂದಿತು, ಹಾಗೆಯೇ ಮಾಡಿತು.

ಎರಡನೆಯ ಯೋಜನೆ ಇದಕ್ಕೆ ತದ್ವಿರುದ್ಧ. 2011ರ ಏಪ್ರಿಲ್‌ನಲ್ಲಿ ನಿಯಂತ್ರಕರು 14 ಸಾಲಸಂಸ್ಥೆಗಳಿಗೆ ಕೊಟ್ಟ ಆದೇಶದ ಪ್ರಕಾರ, 2009 ಮತ್ತು 2010ರಲ್ಲಿ ಹರಾಜಿನ ಪ್ರಕ್ರಿಯೆಗೆ ಒಳಗಾದ ಯಾವ ಕುಟುಂಬವೂ ತನ್ನ ಕಡತವನ್ನು ಸ್ವತಂತ್ರ ಸಲಹೆಗಾರರಿಂದ ಪರಿಶೀಲಿಸುವಂತೆ ಕೋರಬಹುದಿತ್ತು. ಕಾಗದದ ಮೇಲೆ ಇದೇ ನಿಜವಾದ ನ್ಯಾಯ. ನನ್ನ ಪರಿಚಿತರು ಬಯಸಿದ್ದೂ ಇದನ್ನೇ: ಹಣಕ್ಕಿಂತ ಹೆಚ್ಚಾಗಿ, ಅರ್ಜಿ ಬಾಕಿಯಿರುವಾಗಲೇ ಹರಾಜು ನಡೆಸಿದ್ದು ತಪ್ಪು ಎಂದು ಯಾರಾದರೂ ಬರೆದು ಕೊಡಲಿ ಎಂಬುದು ಅವರ ಆಸೆ. ಪುಟಗಟ್ಟಲೆ ಪ್ರಶ್ನೆಗಳಿದ್ದ ಅರ್ಜಿಯನ್ನು ತುಂಬಲು ಹಳೆಯ ಫ್ಯಾಕ್ಸ್ ರಸೀದಿ, ಫೋನಿನಲ್ಲಿ ಮಾತಾಡಿದ ದಿನಾಂಕ, ಪ್ರತಿ ಬಾರಿಯೂ ಬದಲಾಗುತ್ತಿದ್ದ ಅಧಿಕಾರಿಗಳ ಹೆಸರು, ಹೀಗೆ ಒಂದೊಂದನ್ನೂ ಶೂ ಪೆಟ್ಟಿಗೆಯೊಂದರಿಂದ ಹೆಕ್ಕಿ ಜೋಡಿಸಬೇಕಾಯಿತು. ಅರ್ಜಿಯ ಭಾಷೆ ಸಾಮಾನ್ಯ ಓದುಗರಿಗೆ ಕಷ್ಟವಾಗಿದೆ ಎಂದು ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಆಕ್ಷೇಪಿಸಿತ್ತು. ಎಂಜಿನಿಯರಿಂಗ್ ಓದಿದವರೇ ಎರಡೆರಡು ಸಲ ಓದಿ ಅರ್ಥ ಮಾಡಿಕೊಳ್ಳಬೇಕಾದ ವಾಕ್ಯಗಳು ಅದರಲ್ಲಿದ್ದವೆಂದು ನಾನೂ ಸಾಕ್ಷಿ ಹೇಳಬಲ್ಲೆ.

ಕೊನೆಯ ದಿನಾಂಕವನ್ನು ಮತ್ತೆ ಮತ್ತೆ ಮುಂದೂಡಿ 2012ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. ಅದಾಗಿ ಒಂದು ವಾರಕ್ಕೆ, 2013ರ ಜನವರಿ 7ರಂದು, ಹತ್ತು ಸಂಸ್ಥೆಗಳ ಮಟ್ಟಿಗೆ ಪರಿಶೀಲನೆಯನ್ನೇ ಕೈಬಿಟ್ಟು 8.5 ಬಿಲಿಯನ್ ಡಾಲರಿನ ರಾಜಿ ಮಾಡಿಕೊಂಡಿದ್ದೇವೆ ಎಂಬ ಪ್ರಕಟಣೆ ಹೊರಬಿತ್ತು. ಅದರಲ್ಲಿ ನಗದು 3.3 ಬಿಲಿಯನ್. ಅಷ್ಟರಲ್ಲಿ ಸಲಹೆಗಾರ ಸಂಸ್ಥೆಗಳಿಗೆ ಸಂದ ಶುಲ್ಕ 2 ಬಿಲಿಯನ್ ಡಾಲರಿನ ಹತ್ತಿರ ಬಂದಿತ್ತು. ಇನ್ನು ಯಾರನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ವಿಂಗಡಿಸುವ ಕೆಲಸ ಬಿದ್ದದ್ದು ಆ ಸಾಲಸಂಸ್ಥೆಗಳ ಕೈಗೇ. ತಪ್ಪು ಮಾಡಿದವರೇ ತಮ್ಮ ತಪ್ಪಿನ ದರ್ಜೆ ಬರೆಯುವ ಈ ಏರ್ಪಾಟಿನ ವಿರುದ್ಧ ಮೇಲ್ಮನವಿಗೂ ಅವಕಾಶವಿರಲಿಲ್ಲ. 300 ಡಾಲರಿನಿಂದ 1,25,000 ಡಾಲರಿನವರೆಗೆ ಮೊತ್ತಗಳಿದ್ದವು. ಮೇಲಿನ ತುದಿ ಬಹುಮಟ್ಟಿಗೆ ಸೇನಾ ಸೇವೆಯಲ್ಲಿದ್ದಾಗ ಕಾನೂನು ಮೀರಿ ಮನೆ ಕಸಿಯಲ್ಪಟ್ಟವರಿಗೆ. ನನ್ನ ಪರಿಚಿತರ ಚೆಕ್ ಕೆಳಗಿನ ಮೆಟ್ಟಿಲಿನದು. ಶೂ ಪೆಟ್ಟಿಗೆಯ ಕಾಗದಗಳನ್ನು ಯಾರಾದರೂ ಓದಿದರೇ ಎಂಬುದಕ್ಕೆ ಅದರ ಜೊತೆ ಬಂದ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಹಂಚಿಕೆಯೂ ಮುಗ್ಗರಿಸಿತು. ಚೆಕ್‌ಗಳನ್ನು ಕಳಿಸಿದ ರಸ್ಟ್ ಕನ್ಸಲ್ಟಿಂಗ್ ಸಂಸ್ಥೆ 2013ರ ಏಪ್ರಿಲ್‌ನಲ್ಲಿ ಸರಿಯಾದ ಖಾತೆಗೆ ಸಾಕಷ್ಟು ಹಣ ವರ್ಗಾಯಿಸದೆ, ಮೊದಲ ಕಂತಿನ ಕೆಲವು ಚೆಕ್‌ಗಳು ಬೌನ್ಸ್ ಆದವು. ಕಂತು ಕಟ್ಟಲಾಗಲಿಲ್ಲವೆಂದು ಮನೆ ಕಳೆದುಕೊಂಡವರ ಕೈಗೆ ಬೌನ್ಸ್ ಆಗುವ ಚೆಕ್! ಮೇ ತಿಂಗಳಿನಲ್ಲಿ 96,000 ಜನರಿಗೆ ಸಲ್ಲಬೇಕಾದದ್ದಕ್ಕಿಂತ ಕಡಿಮೆ ಮೊತ್ತ ಹೋಗಿ, ಉಳಿಕೆಗೆ ಮತ್ತೊಂದು ಚೆಕ್ ಕಳಿಸಬೇಕಾಯಿತು. ಸಾಲದಲ್ಲಿ ಹೆಸರಿದ್ದ ಎಲ್ಲರ ಹೆಸರಿಗೂ ಸೇರಿಸಿ ಒಂದೇ ಚೆಕ್ ಬರುತ್ತಿದ್ದುದರಿಂದ, ಮನೆಯ ಜೊತೆಗೆ ದಾಂಪತ್ಯವೂ ಮುರಿದಿದ್ದವರು ಸಹಿಗಾಗಿ ಮತ್ತೆ ಒಬ್ಬರನ್ನೊಬ್ಬರು ಹುಡುಕಬೇಕಾದ ಮುಜುಗರವೂ ಇತ್ತು. ಇಂಥ ಪತ್ರ ಕೈಗೆ ಬಂದವರು ಚೆಕ್ಕನ್ನು ವಿಂಗಡಿಸಿ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಕ್ಷತ್ರ ಕೊಡುವುದಾದರೆ ಮೊದಲನೆಯದಕ್ಕೆ ಐದರಲ್ಲಿ ಮೂರು, ಎರಡನೆಯದಕ್ಕೆ ಒಂದು. ಹೆಚ್ಚು ಪ್ರಶ್ನೆ ಕೇಳಿದ ಯೋಜನೆಗಿಂತ ಏನನ್ನೂ ಕೇಳದ ಯೋಜನೆಗೆ ಹೆಚ್ಚು ಅಂಕ ಕೊಡಬೇಕಾಗಿರುವುದು ನನಗೂ ಇಷ್ಟದ ಸಂಗತಿಯಲ್ಲ. ಮೊದಲನೆಯದಕ್ಕೆ ನಾಲ್ಕು ಕೊಡದಿರಲು ಇನ್ನೊಂದು ಕಾರಣ, ರಾಜ್ಯಗಳ ಪಾಲಿಗೆ ಬಂದ 2.5 ಬಿಲಿಯನ್ ಡಾಲರಿನ ಗತಿ. ಮನೆ ಉಳಿಸಿಕೊಳ್ಳಲು ಹೆಣಗುವವರ ನೆರವಿಗೆಂದು ಬಂದ ಆ ಹಣವನ್ನು ಹಲವು ರಾಜ್ಯಗಳು ಬಜೆಟ್ಟಿನ ತೂತು ಮುಚ್ಚಲು ಬಳಸಿದವು. ಕ್ಯಾಲಿಫೋರ್ನಿಯಾ ಹೀಗೆ ತಿರುಗಿಸಿದ 331 ಮಿಲಿಯನ್ ಡಾಲರನ್ನು ವಾಪಸು ಕೊಡಬೇಕೆಂದು 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಬೇಕಾಯಿತು.

ಆಮೇಲೆ ಬಂದ ಇತ್ಯರ್ಥಗಳೂ ಬಹುಮಟ್ಟಿಗೆ ಮೊದಲನೆಯ ಮಾದರಿಯವೇ. ಬೆಂಗಳೂರಿನಲ್ಲೂ ಕಚೇರಿಯಿದ್ದು, ನಮ್ಮವರು ಅನೇಕರು ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದ, ಗೃಹಸಾಲದ ಕಂತು ವಸೂಲಿ ಮಾಡುವ ಆಕ್ವೆನ್ ಸಂಸ್ಥೆಯ ಜೊತೆ 2013ರ ಡಿಸೆಂಬರಿನಲ್ಲಾದ ಒಪ್ಪಂದದಲ್ಲಿ, 2009ರಿಂದ 2012ರ ನಡುವೆ ಮನೆ ಕಳೆದುಕೊಂಡವರಿಗೆ 125 ಮಿಲಿಯನ್ ಡಾಲರ್ ಮೀಸಲಾಯಿತು. ವೆಲ್ಸ್ ಫಾರ್ಗೋದ ಪ್ರಕರಣ ಬೇರೆಯೇ ಬಗೆಯದು. ತನ್ನ ಸಾಫ್ಟ್‌ವೇರಿನ ಲೆಕ್ಕದ ದೋಷದಿಂದ ಕಂತು ಇಳಿಕೆಗೆ ಅರ್ಹರಾಗಿದ್ದವರನ್ನು ತಿರಸ್ಕರಿಸಿದ್ದಾಗಿಯೂ, ಅವರಲ್ಲಿ 545 ಮಂದಿ ಮನೆ ಕಳೆದುಕೊಂಡದ್ದಾಗಿಯೂ ಆ ಬ್ಯಾಂಕು 2018ರಲ್ಲಿ ತಾನೇ ಒಪ್ಪಿಕೊಂಡಿತು. 2022ರ ಡಿಸೆಂಬರಿನಲ್ಲಿ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ವಿಧಿಸಿದ 3.7 ಬಿಲಿಯನ್ ಡಾಲರಿನ ಆದೇಶದಲ್ಲಿ ಗೃಹಸಾಲದವರಿಗೆ ಸಲ್ಲಬೇಕಾದ ಪರಿಹಾರವೂ ಸೇರಿತ್ತು. ಇಲ್ಲಿ ತೊಂದರೆಗೊಳಗಾದವರನ್ನು ಗುರುತಿಸಿ ಹಣ ಕೊಡುವ ಹೊಣೆ ಬ್ಯಾಂಕಿನದೇ. ಹಾಗಾಗಿ ಇಂಥ ಹಣ ಬಿಡಿಸಿಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನು ಮಾಡುವವರಿದ್ದರೆ ಅವರು ವಂಚಕರೆಂದೇ ತಿಳಿದು ಫೋನು ಇಡಬಹುದು. ಹಳೆಯ ಸಾಲದ ಖಾತೆ ಸಂಖ್ಯೆಯನ್ನು ಜೋಪಾನವಾಗಿಟ್ಟು, ಈಗಿನ ವಿಳಾಸವನ್ನು ಆ ಬ್ಯಾಂಕಿಗೆ ಪತ್ರಮುಖೇನ ತಿಳಿಸಿಡುವುದಕ್ಕೆ ಮಾತ್ರ ಒಂದು ಅಂಚೆಚೀಟಿಯ ಖರ್ಚಿದೆ.